ರಕ್ತದ ಸ್ಟೆಮ್ ಸೆಲ್ ಗುರುತು ಹಿಡಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಕಡೆಯ ಒಂದು ಲ್ಯಾಬಿನಲ್ಲಿ ಫ್ಲೋ ಸೈಟೋಮೀಟರ್ (ಕೋಶಗಳನ್ನು ಒಂದೊಂದಾಗಿ ಲೇಸರ್ ಎದುರು ಹಾಯಿಸಿ ನೋಡುವ ಮೆಷಿನ್) ಎದುರು ಕೂತು ನನ್ನ ದಿನ ಕಳೆಯುತ್ತದೆ. ಲ್ಯಾಬಿಗೆ ಬರುವ ಮಕ್ಕಳು, ಪಿಜಿ ಮಾಡುವ ಡಾಕ್ಟರುಗಳು, ರೋಗಿಗಳ ಮನೆಯವರು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಪ್ರತಿ ಸಲ ಹೇಳಿ ಹೇಳಿ ಬಾಯಿಪಾಠ ಆಗಿದೆ. ಒಮ್ಮೆ ಬರೆದಿಟ್ಟರೆ ನನಗೂ ಸುಲಭ.

ರಕ್ತದ ಸ್ಟೆಮ್ ಸೆಲ್ ಅಂದರೆ ಎಂತ?

ಎಲುಬಿನ ಮಜ್ಜೆಯಲ್ಲಿ ಕೂತು ರಕ್ತದ ಎಲ್ಲ ಬಗೆಯ ಕೋಶಗಳನ್ನು ಹುಟ್ಟಿಸುವ ಮೂಲ ಕೋಶ. ಪೇಪರಿನವರು ಕಾಂಡಕೋಶ ಅಂತಲೋ ಆಕರಕೋಶ ಅಂತಲೋ ಬರೆಯುತ್ತಾರೆ. ಲ್ಯಾಬಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ಸ್ಟೆಮ್ ಸೆಲ್ ಅಂತಲೇ ಹೇಳುತ್ತೇವೆ. ಅದಕ್ಕೆ ಎರಡು ಗುಣ ಇರಲೇಬೇಕು. ತನ್ನಂಥದ್ದೇ ಇನ್ನೊಂದನ್ನು ಹುಟ್ಟಿಸಬೇಕು. ಜೊತೆಗೆ ಕೆಂಪು ಕೋಶ, ಬಿಳಿ ಕೋಶ, ಪ್ಲೇಟ್‌ಲೆಟ್ ಎಲ್ಲವನ್ನೂ ಕೊಡಬೇಕು.

ನಮ್ಮ ಮೈ ಒಂದು ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕೋಶ ತಯಾರಿಸುತ್ತದೆ. ಇಷ್ಟಕ್ಕೆಲ್ಲ ಮೂಲ ಎಷ್ಟು ಗೊತ್ತಾ? 2018ರಲ್ಲಿ 59 ವರ್ಷದ ಒಬ್ಬರ ರಕ್ತಕೋಶಗಳ ಡಿಎನ್‌ಎ ಓದಿ ಲೆಕ್ಕ ಹಾಕಿದಾಗ, ಕೆಲಸದಲ್ಲಿರುವ ಸ್ಟೆಮ್ ಸೆಲ್‌ಗಳು 50 ಸಾವಿರದಿಂದ 2 ಲಕ್ಷ ಇರಬಹುದು ಅಂತ ಬಂತು. ಇಡೀ ಮೈಗೆ ಅಷ್ಟೇ. ಹುಡುಕುವುದು ಯಾಕೆ ಕಷ್ಟ ಅಂತ ಇದರಲ್ಲೇ ಗೊತ್ತಾಗುತ್ತದೆ.

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಾಣುವುದಿಲ್ವಾ?

ಕಾಣುತ್ತದೆ, ಆದರೆ ಗುರುತು ಸಿಗುವುದಿಲ್ಲ. ನೋಡಲಿಕ್ಕೆ ಅದು ಒಂದು ಸಣ್ಣ ಲಿಂಫೋಸೈಟ್ (ಬಿಳಿ ಕೋಶದ ಒಂದು ಬಗೆ) ತರಹವೇ ಇರುತ್ತದೆ. ಉರುಟು, ಒಳಗೆ ದೊಡ್ಡ ನ್ಯೂಕ್ಲಿಯಸ್, ಸುತ್ತ ತೆಳು ಅಂಚು. ಅನುಭವ ಇದ್ದವರೂ ಸ್ಲೈಡ್ ನೋಡಿ "ಇದೇ" ಅಂತ ಬೆರಳು ತೋರಿಸಲಾರರು. ಹಾಗಾಗಿ ಮುಖ ನೋಡುವ ಬದಲು ಮೈಮೇಲೆ ಏನೇನು ತೊಟ್ಟಿದೆ ಅಂತ ನೋಡುತ್ತೇವೆ.

ಮಾರ್ಕರ್ ಅಂದರೆ ಅದೇನಾ, ತೊಟ್ಟದ್ದು?

ಹೌದು. ಪ್ರತಿ ಕೋಶದ ಹೊರಮೈಯಲ್ಲಿ ನೂರಾರು ಬಗೆಯ ಪ್ರೋಟೀನ್‌ಗಳು ಚಾಚಿಕೊಂಡಿರುತ್ತವೆ. ಕೆಲವು ಪಕ್ಕದ ಕೋಶವನ್ನು ಹಿಡಿದುಕೊಳ್ಳಲಿಕ್ಕೆ, ಕೆಲವು ಸಂದೇಶ ಕೇಳಿಸಿಕೊಳ್ಳಲಿಕ್ಕೆ. ಅವು ನಮಗೋಸ್ಕರ ಇರುವುದಲ್ಲ, ಅವುಗಳಿಗೆ ಅವುಗಳದ್ದೇ ಕೆಲಸ ಉಂಟು. ನಾವು ಸುಮ್ನೆ ಅದನ್ನು ಗುರುತಿನ ಚೀಟಿ ಮಾಡಿಕೊಂಡಿದ್ದೇವೆ.

ಚೀಟಿ ಓದುವುದು ಆಂಟಿಬಾಡಿಯಿಂದ. ಒಂದು ಆಂಟಿಬಾಡಿ ಒಂದೇ ಪ್ರೋಟೀನಿಗೆ ಹೋಗಿ ಅಂಟುತ್ತದೆ. ಅದರ ಬಾಲಕ್ಕೆ ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ಲೇಸರ್ ಬಿದ್ದಾಗ ಬಣ್ಣ ಹೊಳೆದರೆ ಆ ಪ್ರೋಟೀನ್ ಇದೆ ಅಂತ ಲೆಕ್ಕ. ಒಂದೇ ತರಹದ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು. ಅದಿಲ್ಲದಿದ್ದರೆ ನನಗೆ ಈ ಕೆಲಸವೇ ಇರುತ್ತಿರಲಿಲ್ಲ.

ಈ ಸಿಡಿ, ಸಿಡಿ ಅಂತ ನಂಬರ್ ಯಾಕೆ?

ಆಂಟಿಬಾಡಿ ಮಾಡುವುದು ಸುಲಭವಾದ ಮೇಲೆ ಪ್ರತಿ ಲ್ಯಾಬೂ ತಾನು ಕಂಡದ್ದಕ್ಕೆ ತನ್ನದೇ ಹೆಸರಿಟ್ಟಿತು. ಒಂದೇ ಪ್ರೋಟೀನಿಗೆ ನಾಲ್ಕು ಹೆಸರು. 1982ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಲರೂ ಕೂತು ಸಿಡಿ (ಕ್ಲಸ್ಟರ್ ಆಫ್ ಡಿಫರೆನ್ಶಿಯೇಶನ್) ಅಂತ ನಂಬರ್ ಕೊಡಲು ಶುರು ಮಾಡಿದರು. ಮಂಗಳೂರಿನ ಸಿಟಿ ಬಸ್ಸಿನ ಹಾಗೆ ಅಂದುಕೊಳ್ಳಿ. ಬಸ್ಸಿಗೆ ಎಂತೆಂತದೋ ಹೆಸರಿರುತ್ತದೆ, ಹತ್ತುವವರು ನೋಡುವುದು ನಂಬರನ್ನೇ. 34 ಅಂದರೆ 33ಕ್ಕಿಂತ ಮೇಲು ಅಂತೇನೂ ಇಲ್ಲ.

ಸಿಡಿ34 ಎಲ್ಲಿಂದ ಬಂತು?

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಕರ್ಟ್ ಸಿವಿನ್ ಮತ್ತು ಜೊತೆಯವರು 1984ರಲ್ಲಿ ಪ್ರಕಟಿಸಿದ್ದು. ಕೆಜಿ-1ಎ ಎಂಬ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಕೋಶಗಳನ್ನು ಇಲಿಗೆ ಚುಚ್ಚಿ, ಇಲಿ ಮಾಡಿಕೊಟ್ಟ ಆಂಟಿಬಾಡಿಗಳಲ್ಲಿ ಒಂದನ್ನು ಆರಿಸಿದರು. ಅದರ ಹೆಸರು ಮೈ-10. ಅದು ಮಜ್ಜೆಯಲ್ಲಿ ತೀರಾ ಕಡಿಮೆ ಕೋಶಗಳಿಗೆ ಮಾತ್ರ ಅಂಟುತ್ತಿತ್ತು, ಆದರೆ ಪ್ಲೇಟಿನಲ್ಲಿ ಬೆಳೆದು ರಕ್ತಕೋಶಗಳ ಗುಂಪು ಕೊಡುವ ಕೋಶಗಳೆಲ್ಲ ಅದರಲ್ಲೇ ಸಿಕ್ಕವು. ಮೈ-10 ಅಂಟುವ ಪ್ರೋಟೀನಿಗೇ ಆಮೇಲೆ ಸಿಡಿ34 ಅಂತ ನಂಬರ್ ಬಂತು. ಮಜ್ಜೆಯಲ್ಲಿ ಇವು ನೂರಕ್ಕೆ ಒಂದರ ಆಸುಪಾಸು. ಕೈಯಿಂದ ತೆಗೆದ ಮಾಮೂಲಿ ರಕ್ತದಲ್ಲಿ ಸಾವಿರಕ್ಕೆ ಒಂದೂ ಇರುವುದಿಲ್ಲ.

ಹಾಗಾದರೆ ಸಿಡಿ34 ಇದ್ದರೆ ಅದು ಸ್ಟೆಮ್ ಸೆಲ್, ಅಲ್ವಾ?

ಅಲ್ಲ. ಈ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವುದಕ್ಕೇ ಇಷ್ಟೆಲ್ಲ ಬರೆಯುತ್ತಾ ಇದ್ದೇನೆ.

ಯಕ್ಷಗಾನ ಆಟದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಒಮ್ಮೆ ಹೋಗಿ ನೋಡಿ. ಒಂದು ಕಡೆ ಕಿರೀಟ, ಭುಜಕೀರ್ತಿ ಕಟ್ಟಿ ಕೂತವರು. ಇನ್ನೊಂದು ಕಡೆ ಸ್ತ್ರೀವೇಷ. ಬಣ್ಣದ ವೇಷದವರು ಕನ್ನಡಿ ಹಿಡಿದು ಚುಟ್ಟಿ ಇಡುತ್ತಿರುತ್ತಾರೆ. ಇವರೆಲ್ಲ ಯಾರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಹಾಗೆಯೇ ರಕ್ತದಲ್ಲಿ ಪಾತ್ರ ತೀರ್ಮಾನ ಆದ ಕೋಶಗಳು. ಟಿ ಕೋಶದ ಮೇಲೆ ಸಿಡಿ3, ಬಿ ಕೋಶದ ಮೇಲೆ ಸಿಡಿ19, ಎನ್‌ಕೆ ಕೋಶದ ಮೇಲೆ ಸಿಡಿ56, ಮಾನೋಸೈಟ್ ಮೇಲೆ ಸಿಡಿ14, ಕೆಂಪು ಕೋಶದ ಸಾಲಿನಲ್ಲಿ ಸಿಡಿ235ಎ. ಇವುಗಳ ಆಂಟಿಬಾಡಿಗಳನ್ನೆಲ್ಲ ಒಟ್ಟಿಗೆ ಒಂದೇ ಬಣ್ಣದಲ್ಲಿ ಹಾಕುತ್ತೇವೆ. ಹೊಳೆದವರೆಲ್ಲ ಹೊರಗೆ. ಹೊಳೆಯದೆ ಉಳಿದದ್ದಕ್ಕೆ ಲಿನ್ ನೆಗೆಟಿವ್ ಅಂತ ಹೆಸರು. ಯಾವ ವೇಷವನ್ನೂ ಕಟ್ಟದವರು ಅಂತ ಅರ್ಥ.

ಆದರೆ ಚೌಕಿಯಲ್ಲಿ ವೇಷ ಕಟ್ಟದೆ ಇರುವವರಲ್ಲಿ ಚಹಾ ತಂದವನೂ ಇರುತ್ತಾನೆ, ಲೈಟಿನವನೂ ಇರುತ್ತಾನೆ. ಅದಕ್ಕೇ ಸಿಡಿ34 ಬೇಕಾಗುವುದು. ಲಿನ್ ಇಲ್ಲ, ಸಿಡಿ34 ಇದೆ ಅಂದರೆ ಮೇಳದವರೇ ಅಂತ ಮಾತ್ರ ಗೊತ್ತಾಯಿತು. ಇದರಲ್ಲೂ ಮುಕ್ಕಾಲುವಾಸಿಗಿಂತ ಜಾಸ್ತಿ ಜನ ಈಗಾಗಲೇ ಒಂದು ಪಾತ್ರಕ್ಕೆ ಹೊರಟವರು. ಇವರು ಮೂಲ ಕೋಶದ ಮಕ್ಕಳು, ಮೊಮ್ಮಕ್ಕಳು. ಕೆಲವು ವಾರ ರಕ್ತ ಕೊಟ್ಟು ಮುಗಿಯುತ್ತಾರೆ.

ಅವರನ್ನು ಬಿಡಿಸಲಿಕ್ಕೆ ಸಿಡಿ38. ಕೋಶ ಮುಂದಕ್ಕೆ ಹೊರಟಿತು ಅಂದರೆ ಸಿಡಿ38 ಏರುತ್ತದೆ. ನಮಗೆ ಅದು ಇಲ್ಲದ, ಅಥವಾ ತೀರಾ ಕಡಿಮೆ ಇರುವ ಕೋಶ ಬೇಕು. ಅದಾದ ಮೇಲೆ ಸಿಡಿ45ಆರ್‌ಎ ಇರಬಾರದು. ಸಿಡಿ90 ಇರಬೇಕು. ಇದಕ್ಕೆ ಥೈ-1 ಅಂತಲೂ ಹೆಸರುಂಟು. 1992ರಲ್ಲಿ ಮನುಷ್ಯರ ಸ್ಟೆಮ್ ಸೆಲ್ ಹುಡುಕಲು ಇದನ್ನು ಸಿಡಿ34 ಜೊತೆ ಸೇರಿಸಿದರು. 2011ರಲ್ಲಿ ಟೊರಾಂಟೊದ ಜಾನ್ ಡಿಕ್ ಅವರ ಗುಂಪು ಸಿಡಿ49ಎಫ್ ಸೇರಿಸಿತು. ಒಟ್ಟಿಗೆ ಹೇಳುವುದಾದರೆ: ಲಿನ್ ಇಲ್ಲ, 34 ಇದೆ, 38 ಇಲ್ಲ, 45ಆರ್‌ಎ ಇಲ್ಲ, 90 ಇದೆ, 49ಎಫ್ ಇದೆ. ನಮ್ಮ ಮಕ್ಕಳು ಇದನ್ನು ಮಗ್ಗಿ ಹೇಳಿದ ಹಾಗೆ ಹೇಳುತ್ತಾರೆ. 90, 49ಎಫ್ ಎರಡೂ ಇಲ್ಲದ, ಉಳಿದದ್ದೆಲ್ಲ ಸರಿ ಇರುವ ಕೋಶಕ್ಕೆ ಎಂಪಿಪಿ ಅಂತ ಹೆಸರು. ಅದು ಎಲ್ಲ ಬಗೆಯ ರಕ್ತವನ್ನೂ ಕೊಡುತ್ತದೆ, ಆದರೆ ತುಂಬ ದಿನ ಬಾಳುವುದಿಲ್ಲ.

ಇನ್ನೊಂದು ಮಾತು. ಸಿಡಿ34 ರಕ್ತನಾಳದ ಒಳಗೋಡೆಯ ಕೋಶಗಳ ಮೇಲೂ ಇರುತ್ತದೆ. ಸಿಡಿ34 ಇಲ್ಲದ ಸ್ಟೆಮ್ ಸೆಲ್‌ಗಳೂ ಮನುಷ್ಯರಲ್ಲಿ ಉಂಟು ಅಂತ 1998ರಲ್ಲೇ ತೋರಿಸಿದ್ದಾರೆ, ಆದರೆ ಅವು ತುಂಬ ವಿರಳ. ಅಂದರೆ ಇದ್ದರೂ ಖಾತ್ರಿ ಇಲ್ಲ, ಇಲ್ಲದಿದ್ದರೂ ಖಾತ್ರಿ ಇಲ್ಲ. ಎಂತ ಮಾಡುವುದು ಮಾರಾಯ್ರೆ, ಹಾಗೆಯೇ ಇರುವುದು.

ಇಷ್ಟೆಲ್ಲ ಗುರುತು ಸಿಕ್ಕಿದ ಮೇಲಾದರೂ ಖಾತ್ರಿ ತಾನೇ?

ಆಗಲೂ ಇಲ್ಲ. ಚೌಕಿಯಲ್ಲಿ ಕೂತವ ಒಳ್ಳೆಯ ವೇಷಧಾರಿಯಾ ಅಂತ ತಿಳಿಯಬೇಕಾದರೆ ರಂಗಸ್ಥಳಕ್ಕೆ ಬಿಡಬೇಕು. ಅದೂ ಹತ್ತು ನಿಮಿಷ ಕುಣಿದರೆ ಸಾಲದು, ಬೆಳಗಿನವರೆಗೆ ನಿಲ್ಲಬೇಕು.

ಕೋಶಕ್ಕೆ ಆ ರಂಗಸ್ಥಳ ಅಂದರೆ ಖಾಲಿ ಮಜ್ಜೆ. 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ವಿಕಿರಣದಿಂದ ಇಲಿಗಳ ಮಜ್ಜೆ ಖಾಲಿ ಮಾಡಿ, ಬೇರೆ ಇಲಿಯ ಮಜ್ಜೆ ಚುಚ್ಚಿದರು. ಕೆಲವು ದಿನಗಳಲ್ಲಿ ಗುಲ್ಮದ ಮೇಲೆ ಗಂಟುಗಳು ಎದ್ದವು. ಒಂದೊಂದು ಗಂಟೂ ಒಂದೊಂದು ಕೋಶದಿಂದ ಬಂದದ್ದು ಅಂತ ಆಮೇಲೆ ತಿಳಿಯಿತು. ಈ ವಿದ್ಯೆ ಶುರುವಾದದ್ದೇ ಅಲ್ಲಿಂದ. ಆಗ ಮಾರ್ಕರ್ ಇರಲೇ ಇಲ್ಲ, ನೋಡಿ. ಗುಣ ಮೊದಲು ಸಿಕ್ಕಿತು, ಗುರುತು ಆಮೇಲೆ ಬಂತು.

ಮನುಷ್ಯರ ಕೋಶವನ್ನು ಮನುಷ್ಯರಲ್ಲಿ ಹಾಗೆ ಪರೀಕ್ಷೆ ಮಾಡಲಿಕ್ಕೆ ಆಗುವುದಿಲ್ಲ. ಅದಕ್ಕೆ ರೋಗನಿರೋಧಕ ಶಕ್ತಿಯೇ ಇಲ್ಲದ ಇಲಿಗಳನ್ನು ಬಳಸುತ್ತಾರೆ. ಅವುಗಳ ಮೈ ನಮ್ಮ ಕೋಶವನ್ನು ಹೊರಗೆ ಹಾಕುವುದಿಲ್ಲ. ನಾಲ್ಕೈದು ತಿಂಗಳಾದ ಮೇಲೂ ಇಲಿಯ ಮಜ್ಜೆಯಲ್ಲಿ ಮನುಷ್ಯರ ಎಲ್ಲ ಬಗೆಯ ರಕ್ತಕೋಶ ಸಿಗಬೇಕು. ಅದನ್ನೇ ತೆಗೆದು ಎರಡನೇ ಇಲಿಗೆ ಹಾಕಿದರೆ ಅಲ್ಲೂ ಬೆಳೆಯಬೇಕು. ಆಗ ಮಾತ್ರ ಅದು ಸ್ಟೆಮ್ ಸೆಲ್. 2011ರ ಆ ಕೆಲಸದಲ್ಲಿ ಒಂದು ಇಲಿಗೆ ಒಂದೇ ಒಂದು ಕೋಶ ಹಾಕಿ ನೋಡಿದರು. ಅಷ್ಟು ಸೋಸಿ ಆರಿಸಿದ ಕೋಶಗಳಲ್ಲೂ ಗೆದ್ದದ್ದು ಕೆಲವೇ. ಉಳಿದವು ಸೋತದ್ದಾ, ದಾರಿಯಲ್ಲಿ ಸತ್ತದ್ದಾ ಹೇಳುವುದು ಕಷ್ಟ. ಆದರೂ ನನ್ನ ಲೆಕ್ಕದಲ್ಲಿ ಈ ವಿಷಯದಲ್ಲಿ ಅದಕ್ಕಿಂತ ಚಂದದ ಪ್ರಯೋಗ ಇನ್ನೊಂದಿಲ್ಲ.

ಲ್ಯಾಬಿನಲ್ಲಿ ನಿಜವಾಗಿ ನೀವು ಮಾಡುವುದೇನು?

ಆಸ್ಪತ್ರೆಯ ಮಾಮೂಲಿ ಸಿಡಿ34 ಎಣಿಕೆ ಹೇಳುತ್ತೇನೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ಬರುತ್ತದೆ. ಮೊದಲು ನಿಧಾನಕ್ಕೆ ಮೇಲೆ ಕೆಳಗೆ ಮಾಡಿ ಬೆರೆಸಬೇಕು. ಸಣ್ಣ ಟ್ಯೂಬಿನ ತಳಕ್ಕೆ 100 ಮೈಕ್ರೋಲೀಟರ್ ಬಿಡಬೇಕು. ಎರಡು ದೊಡ್ಡ ಹನಿಯಷ್ಟು ಆಯಿತು. ಗೋಡೆಗೆ ಸ್ವಲ್ಪ ತಾಗಿದರೂ ಅದಕ್ಕೆ ಆಂಟಿಬಾಡಿ ಸಿಗುವುದಿಲ್ಲ, ಲೆಕ್ಕ ತಪ್ಪುತ್ತದೆ. ಸಿಡಿ45 (ಬಿಳಿ ಕೋಶಗಳ ಗುರುತು), ಸಿಡಿ34 ಆಂಟಿಬಾಡಿ ಹಾಕಿ, ಸತ್ತ ಕೋಶ ತೋರಿಸುವ 7-ಎಎಡಿ ಬಣ್ಣ ಸೇರಿಸಿ, 20 ನಿಮಿಷ ಕತ್ತಲಲ್ಲಿ ಇಡುತ್ತೇವೆ.

ಆಮೇಲೆ ಕೆಂಪು ಕೋಶ ಒಡೆಯುವ ಅಮೋನಿಯಂ ಕ್ಲೋರೈಡ್ ದ್ರಾವಣ. ನನಗೆ ಇಷ್ಟವಾದ ಹಂತ ಇದು. ಹಾಕಿದಾಗ ಟ್ಯೂಬ್ ಮಂದವಾಗಿ, ಕೆಂಪು ಬಣ್ಣ ಕಲಸಿದ ಹಾಗಿರುತ್ತದೆ. ಆಚೆ ಗಡಿಯಾರ ಕಾಣುವುದಿಲ್ಲ. ಐದು ನಿಮಿಷ, ಎಂಟು ನಿಮಿಷ. ಒಮ್ಮೆಲೇ ತಿಳಿಯಾಗುತ್ತದೆ, ಥೇಟ್ ಪುನರ್ಪುಳಿ ಶರಬತ್ತು. ಟ್ಯೂಬಿನ ಮೂಲಕ ಗಡಿಯಾರದ ಮುಳ್ಳು ಕಾಣಿಸಿತು ಅಂದರೆ ಆಯಿತು.

ಮೆಷಿನ್ ಒಳಗೆ ಕೋಶಗಳು ಒಂದರ ಹಿಂದೆ ಒಂದು ಲೇಸರ್ ಎದುರು ಹಾದು ಹೋಗುತ್ತವೆ. ಮುಂದಕ್ಕೆ ಚದುರಿದ ಬೆಳಕಿನಿಂದ ಗಾತ್ರ ತಿಳಿಯುತ್ತದೆ, ಬದಿಗೆ ಚದುರಿದ್ದರಿಂದ ಒಳಗಿನ ಕಣ ಎಷ್ಟು ಅಂತ. ಮಲ್ಪೆ ಬಂದರಿನಲ್ಲಿ ಬಂಗುಡೆ, ಬೂತಾಯಿ ಬೇರೆ ಮಾಡುವ ಹೆಂಗಸರು ಗಾತ್ರ, ಹೊಳಪು ನೋಡಿ ಕ್ಷಣದಲ್ಲಿ ಬುಟ್ಟಿಗೆ ಹಾಕುವುದಿಲ್ವಾ, ಹಾಗೆ. ಸ್ಟೆಮ್ ಸೆಲ್ ಗುಂಪಿನಲ್ಲಿ ಸಿಡಿ45 ಮಂದ, ಸಿಡಿ34 ಪ್ರಖರ, ಬದಿಯ ಬೆಳಕು ಕಡಿಮೆ. ಈ ಕ್ರಮಕ್ಕೆ ಇಶೇಜ್ ಅಂತ ಹೆಸರು, 1996ರದ್ದು. ಕನಿಷ್ಠ 75 ಸಾವಿರ ಬಿಳಿ ಕೋಶ, ಅದರಲ್ಲಿ 100 ಸಿಡಿ34 ಕೋಶ ಸಿಗುವವರೆಗೆ ಓಡಿಸಬೇಕು. ಪರದೆಯ ಮೇಲೆ ಲಿಂಫೋಸೈಟ್‌ಗಳು ದಟ್ಟ ಮೋಡದ ಹಾಗೆ ಕಾಣುತ್ತವೆ. ನಮ್ಮ ಕೋಶಗಳು ಪಕ್ಕದಲ್ಲಿ ಚೆಲ್ಲಿದ ಸಾಸಿವೆ ಕಾಳಿನ ಹಾಗೆ.

ಕೋಶಗಳನ್ನು ತೊಳೆಯುವುದು ಬೇಡವಾ?

ಈ ಎಣಿಕೆಗೆ ತೊಳೆಯಬಾರದು. ತೊಳೆದಾಗಲೆಲ್ಲ ಕೋಶ ಕಳೆದುಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಪರೀಕ್ಷೆಗೆ ತೊಳೆಯುವಾಗ, ಟ್ಯೂಬ್ ಬಗ್ಗಿಸಿ ಮೇಲಿನ ನೀರು ಚೆಲ್ಲಿ ತಿರುಗಿಸಿ ನೋಡಿದೆ. ತಳದಲ್ಲಿ ಏನೂ ಇಲ್ಲ. ಮಗುವೊಂದರ ಮಜ್ಜೆ, ಇದ್ದದ್ದೇ ಅರ್ಧ ಮಿಲಿ. ಅಷ್ಟೂ ಸಿಂಕಿಗೆ ಹೋಗಿತ್ತು. ಪುಣ್ಯಕ್ಕೆ ಮೂಲ ಟ್ಯೂಬಿನಲ್ಲಿ ಸ್ವಲ್ಪ ಉಳಿದಿತ್ತು. ಅವತ್ತಿನಿಂದ ನಾನು ಚೆಲ್ಲುವುದಿಲ್ಲ, ಪಿಪೆಟ್ಟಿನಲ್ಲಿ ಎಳೆಯುತ್ತೇನೆ. ಹುಡುಗರು ನಗುತ್ತಾರೆ. ನಗಲಿ.

ರಿಪೋರ್ಟಿನಲ್ಲಿ ಬರುವ ನಂಬರಿನ ಅರ್ಥ ಏನು?

ಈ ಎಣಿಕೆ ಹೆಚ್ಚಾಗಿ ಬೇಕಾಗುವುದು ಸ್ಟೆಮ್ ಸೆಲ್ ಕಸಿಗೆ. ದಾನಿಗೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟರೆ ಸ್ಟೆಮ್ ಸೆಲ್‌ಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 10ರಿಂದ 20 ಸಿಡಿ34 ಕೋಶ ಕಂಡರೆ ಸಂಗ್ರಹ ಶುರು ಮಾಡಬಹುದು. ಸಂಗ್ರಹಿಸಿದ ಚೀಲದಲ್ಲಿ ಒಂದು ಮೈಕ್ರೋಲೀಟರಿಗೆ 1,500 ಸಿಕ್ಕಿತು, ಚೀಲದಲ್ಲಿ 200 ಮಿಲಿ ಇದೆ ಅಂತ ಇಟ್ಟುಕೊಳ್ಳಿ. ಒಟ್ಟು 30 ಕೋಟಿ ಕೋಶ. ರೋಗಿ 60 ಕಿಲೋ ಇದ್ದರೆ ಕಿಲೋಗೆ 50 ಲಕ್ಷ. ಸಾಮಾನ್ಯವಾಗಿ ಕಿಲೋಗೆ 20 ಲಕ್ಷ ಕನಿಷ್ಠ ಬೇಕು, ಹಾಗಾಗಿ ಇದು ಧಾರಾಳ ಆಯಿತು.

ಇಲ್ಲಿ ಒಂದು ಮಜಾ ನೋಡಿ. ಸಿಡಿ34 ಸ್ಟೆಮ್ ಸೆಲ್‌ನ ಖಾತ್ರಿ ಗುರುತು ಅಲ್ಲ ಅಂತ ಅಷ್ಟು ಉದ್ದ ಬರೆದೆ. ಆದರೆ ಆಸ್ಪತ್ರೆಯಲ್ಲಿ ಅದೊಂದೇ ಎಣಿಸುತ್ತಾರೆ. ಅದು ತಪ್ಪಲ್ಲ. ಸಿಡಿ34 ಕೋಶ ಜಾಸ್ತಿ ಇದ್ದಲ್ಲಿ ನಿಜವಾದ ಸ್ಟೆಮ್ ಸೆಲ್ ಕೂಡ ಜಾಸ್ತಿ ಇರುತ್ತದೆ. ಕಸಿ ಹಿಡಿಯುತ್ತದಾ ಅಂತ ಅಂದಾಜು ಮಾಡಲು ಅಷ್ಟು ಸಾಕು, ಅದೂ ಒಂದೆರಡು ಗಂಟೆಯಲ್ಲಿ ಉತ್ತರ. ಇಲಿಯನ್ನು ನಾಲ್ಕು ತಿಂಗಳು ಕಾಯಲಿಕ್ಕೆ ಆಗುತ್ತದಾ?

ನಮ್ಮ ಅಣ್ಣನ ಲ್ಯುಕೇಮಿಯಾ ರಿಪೋರ್ಟಿನಲ್ಲೂ ಸಿಡಿ34 ಪಾಸಿಟಿವ್ ಅಂತ ಇದೆ. ಒಳ್ಳೆಯದಲ್ವಾ?

ಇದನ್ನು ಕೇಳಿದವರು ಒಬ್ಬಿಬ್ಬರಲ್ಲ. ಅಲ್ಲಿ ಅದರ ಅರ್ಥವೇ ಬೇರೆ. ಲ್ಯುಕೇಮಿಯಾದ ಬ್ಲಾಸ್ಟ್ ಕೋಶಗಳು ಬೆಳೆಯದೆ ಎಳೆಯ ಹಂತದಲ್ಲೇ ನಿಂತುಬಿಟ್ಟವು. ಅದಕ್ಕೇ ಎಷ್ಟೋ ಸಲ ಅವುಗಳ ಮೇಲೆ ಎಳೆತನದ ಗುರುತಾದ ಸಿಡಿ34 ಇರುತ್ತದೆ. ಯಾವ ಬಗೆಯ ಲ್ಯುಕೇಮಿಯಾ ಅಂತ ಹೇಳಲು ಅದನ್ನು ಬೇರೆ ಹತ್ತಾರು ಮಾರ್ಕರ್ ಜೊತೆ ಸೇರಿಸಿ ಓದುತ್ತಾರೆ. ಅದೊಂದನ್ನೇ ಹಿಡಿದು ಒಳ್ಳೆಯದು ಕೆಟ್ಟದ್ದು ಅನ್ನಬೇಡಿ. ಡಾಕ್ಟರ ಹತ್ತಿರ ಕೂತು ಕೇಳಿ.

ಇಲಿಗೂ ಮನುಷ್ಯನಿಗೂ ಒಂದೇ ಮಾರ್ಕರಾ?

ಇಲ್ಲ. ಹೊಸಬರು ಎಡವುವುದು ಇಲ್ಲೇ. ಇಲಿಯಲ್ಲಿ ಸ್ಕಾ-1 ಮತ್ತು ಸಿ-ಕಿಟ್ ನೋಡುತ್ತಾರೆ, ಸಿಡಿ150 ಇರಬೇಕು, ಸಿಡಿ48 ಇರಬಾರದು. ಬೆಳೆದ ಇಲಿಯ ಅಸಲಿ ಸ್ಟೆಮ್ ಸೆಲ್‌ಗಳಲ್ಲಿ ಸಿಡಿ34 ಇಲ್ಲ, ಅಥವಾ ತೀರಾ ಕಡಿಮೆ. ನಮ್ಮದಕ್ಕೆ ಪೂರ್ತಿ ಉಲ್ಟಾ. ಇಲಿಯ ಪಟ್ಟಿ ಹಿಡಿದು ಮನುಷ್ಯರ ಸ್ಯಾಂಪಲ್‌ಗೆ ಆಂಟಿಬಾಡಿ ತರಿಸಿದರೆ ದುಡ್ಡು ದಂಡ.

ಗೇಟಿಂಗ್ ಮಾಡುವಾಗ, ಅಂದರೆ ಪರದೆಯ ಮೇಲೆ ಗೆರೆ ಎಳೆದು ಕೋಶ ಆರಿಸುವಾಗ, ಜಾಸ್ತಿ ಆಗುವ ತಪ್ಪು ಯಾವುದು?

ಸಿಡಿ38. ಅದರಲ್ಲಿ ಇದೆ, ಇಲ್ಲ ಅಂತ ಎರಡು ಗುಂಪು ಕಾಣುವುದಿಲ್ಲ. ಇಳಿಜಾರಿನ ಹಾಗೆ ಮೇಲಿಂದ ಕೆಳಗೆ ಹರಡಿರುತ್ತದೆ. ಗೆರೆ ಎಲ್ಲಿ ಎಳೆಯುತ್ತೀರೋ ಉತ್ತರ ಅಲ್ಲಿಗೆ ಬದಲಾಗುತ್ತದೆ. ಅಂದಾಜಿಗೆ ಎಳೆಯಬೇಡಿ. ಉಳಿದ ಎಲ್ಲ ಬಣ್ಣ ಹಾಕಿ ಸಿಡಿ38 ಒಂದನ್ನು ಬಿಟ್ಟ ಟ್ಯೂಬ್ ಓಡಿಸಿ. ಅದಕ್ಕೆ ಎಫ್‌ಎಂಒ ಅನ್ನುತ್ತಾರೆ. ಅದನ್ನು ನೋಡಿ ಗೆರೆ ಹಾಕಿ. ಸಿಡಿ90ಕ್ಕೂ ಹಾಗೆಯೇ. ಅದು ಮಂದ ಮಾರ್ಕರ್, ಅದಕ್ಕೆ ಪಿಇ ತರಹದ ಪ್ರಖರ ಬಣ್ಣವನ್ನೇ ಕೊಡಿ.

ಸತ್ತ ಕೋಶಗಳನ್ನು ಮೊದಲೇ ಹೊರಗೆ ಹಾಕಿ, ಅವು ಸಿಕ್ಕಿದ ಆಂಟಿಬಾಡಿಯನ್ನೆಲ್ಲ ಅಂಟಿಸಿಕೊಳ್ಳುತ್ತವೆ. ಜೋಡಿಯಾಗಿ ಹೋದ ಕೋಶಗಳನ್ನೂ ತೆಗೆಯಿರಿ. ಹತ್ತು ಸಾವಿರದಲ್ಲಿ ಒಂದನ್ನು ಹುಡುಕುವಾಗ ಇಂಥ ಕಸವೇ ಅಸಲಿಗಿಂತ ಜಾಸ್ತಿ ಇರುತ್ತದೆ.

ಕೋಶಗಳನ್ನು ಹೊರಗೆ ಬೆಳೆಸಿದ ಮೇಲೂ ಇದೇ ಮಾರ್ಕರ್ ನಡೆಯುತ್ತದಾ?

ನಂಬಬೇಡಿ. ಪ್ಲೇಟಿನಲ್ಲಿ ಕೆಲವು ದಿನ ಬೆಳೆದರೆ ಸಿಡಿ34, ಸಿಡಿ38 ಎಲ್ಲ ದಾರಿ ತಪ್ಪಿಸುತ್ತವೆ. ಗುರುತು ಹಾಗೇ ಇರುತ್ತದೆ, ಗುಣ ಹೋಗಿರುತ್ತದೆ. 2017ರಲ್ಲಿ ಇಪಿಸಿಆರ್, ಅಂದರೆ ಸಿಡಿ201, ಹೀಗೆ ಬೆಳೆಸಿದ ಹೊಕ್ಕುಳ ಬಳ್ಳಿ ರಕ್ತದಲ್ಲಿ ಒಳ್ಳೆಯ ಗುರುತು ಅಂತ ತೋರಿಸಿದರು.

ದಾನಿಯಾಗಿ ಹೆಸರು ಕೊಟ್ಟರೆ ಬೆನ್ನುಮೂಳೆಗೆ ಚುಚ್ಚುತ್ತಾರಾ?

ಇಲ್ಲ. ಹೆಸರು ಕೊಡುವಾಗ ಕೆನ್ನೆಯ ಒಳಗಿನಿಂದ ಸ್ವಾಬ್ ತೆಗೆಯುತ್ತಾರೆ, ಅಷ್ಟೇ. ಅದರಲ್ಲಿ ನೋಡುವುದು ಎಚ್‌ಎಲ್‌ಎ ಹೊಂದಾಣಿಕೆ (ದಾನಿಯ ಕೋಶ ರೋಗಿಯ ಮೈಗೆ ಒಗ್ಗುತ್ತದಾ ಅಂತ), ಸಿಡಿ34 ಅಲ್ಲ. ಮುಂದೆ ಹೊಂದಾಣಿಕೆ ಸಿಕ್ಕಿದರೆ ಹೆಚ್ಚಾಗಿ ಕೈಯ ರಕ್ತನಾಳದಿಂದಲೇ ಸಂಗ್ರಹಿಸುತ್ತಾರೆ. ಮಜ್ಜೆಯೇ ಬೇಕಾದರೆ ಸೊಂಟದ ಎಲುಬಿನ ಹಿಂಬದಿಯಿಂದ, ಅರಿವಳಿಕೆ ಕೊಟ್ಟು. ಬೆನ್ನುಹುರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಸ್ಯಾಂಪಲ್ ದೂರದಿಂದ ಕಳಿಸುವುದಾದರೆ?

ಅದೇ ದಿನ ತಲುಪಿಸಿ. 24 ಗಂಟೆ ದಾಟಿಸಬೇಡಿ. ಐಸ್ ಮೇಲೆ ನೇರ ಇಡಬೇಡಿ, ನಡುವೆ ದಪ್ಪ ಬಟ್ಟೆ ಇರಲಿ. ಒಂದು ಆಷಾಢದಲ್ಲಿ ಹೊರ ಊರಿನಿಂದ ಬಂದ ಟ್ಯೂಬ್ ಐಸ್ ಪ್ಯಾಕಿಗೆ ಅಂಟಿಕೊಂಡು ಗಟ್ಟಿಯಾಗಿತ್ತು. ಕರಗಿದಾಗ ಕೋಶವೆಲ್ಲ ಒಡೆದು ಬರೀ ಕೆಂಪು ನೀರು. ರೋಗಿಗೆ ಎರಡನೇ ಸಲ ಚುಚ್ಚಬೇಕಾಯಿತು. ಲೇಬಲ್‌ಗೆ ಪೆನ್ಸಿಲ್ ಇಲ್ಲವೇ ನೀರಿಗೆ ಹೋಗದ ಪೆನ್ನು ಬಳಸಿ. ನಮ್ಮ ಮಳೆಗೆ ಜೆಲ್ ಪೆನ್ನಿನ ಹೆಸರು ಉಳಿಯುವುದಿಲ್ಲ.

ಪಿಯುಸಿ ಮಕ್ಕಳು ಲ್ಯಾಬ್ ನೋಡಲಿಕ್ಕೆ ಬರಬಹುದಾ?

ಬರಬಹುದು, ಮೊದಲೇ ಟೀಚರ್ ಕಡೆಯಿಂದ ಹೇಳಿಸಿ. ದಾನಿಯ ಸಂಗ್ರಹ ಇರುವ ದಿನ ಮಾತ್ರ ಬೇಡ, ಅವತ್ತು ನಮಗೆ ತಲೆ ಎತ್ತಲಿಕ್ಕೂ ಪುರುಸೊತ್ತಿಲ್ಲ. ಮಧ್ಯಾಹ್ನ ಮೂರರ ಮೇಲೆ ಬನ್ನಿ. ಐದೈದು ಜನ ಒಳಗೆ. ಕೊಡೆ, ಚಪ್ಪಲಿ ಹೊರಗೆ. ಟ್ಯೂಬ್ ತಿಳಿಯಾಗುವುದನ್ನು ತೋರಿಸುತ್ತೇನೆ.